ಗಡಿಯಾಚೆ ಒಂದು ಕಾನೂನು, ಈಚೆ ಒಂದು
(ನಂಜನಗೂಡು, ತಿ. ನರಸೀಪುರದ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ದೇಶಕ್ಕೊಂದು ಮದುವೆ ಕಾನೂನು ಇದ್ದರೆ ಹೆಣ್ಣಿನ ಗತಿ ಏನಾಗುತ್ತೆ ಅಂತ ತಿಳಿಯೋಕೆ ನಾವು ಲಂಡನ್ನಿಗೆ ಹೋಗಬೇಕಿಲ್ಲ. ನರಸೀಪುರದಿಂದ ಕೊಳ್ಳೇಗಾಲಕ್ಕೆ ಹೆಣ್ಣು ಕೊಟ್ಟು ತರುತ್ತಿದ್ದ ಕಾಲವನ್ನು ನೆನೆಸಿಕೊಂಡರೆ ಸಾಕು. ನಂಜನಗೂಡು, ನರಸೀಪುರ ಮಹಾರಾಜರ ಮೈಸೂರು. ಕೊಳ್ಳೇಗಾಲ ಬ್ರಿಟಿಷರ ಮದ್ರಾಸು, ಕೊಯಮತ್ತೂರು ಜಿಲ್ಲೆ. ನೆಂಟಸ್ತನಕ್ಕೆ ಗಡಿ ಇರಲಿಲ್ಲ, ಕಾನೂನಿಗಿತ್ತು.

1929ರ ಶಾರದಾ ಕಾಯ್ದೆ ಬ್ರಿಟಿಷ್ ಸೀಮೆಯಲ್ಲಿ ಹೆಣ್ಣಿಗೆ 14 ವರ್ಷ ತುಂಬಿರಬೇಕು ಅಂದಿತು. ಮೈಸೂರಲ್ಲಿ ಆಗಲೂ 1894ರ ಕಾನೂನೇ. ಅದಕ್ಕೆ 8 ತುಂಬಿದ್ದರೆ ಸಾಕು! ಶಿಕ್ಷೆ ತಪ್ಪಿಸಿಕೊಳ್ಳೋಕೆ ಸಂಸ್ಥಾನಗಳ ಗಡಿಯೊಳಗೆ ಬಂದು ಎಳೆ ಮಕ್ಕಳಿಗೆ ತಾಳಿ ಕಟ್ಟಿಸಿಕೊಂಡು ಹೋದವರು ದೇಶದ ಉದ್ದಕ್ಕೂ ಇದ್ದರು.

ಆಸ್ತಿಯ ವಿಷಯದಲ್ಲಿ ತಿರುಗಾಮುರುಗ. ಮೈಸೂರಿನ 1933ರ ಕಾಯ್ದೆ ಮನೆ ಪಾಲಾಗುವಾಗ ತಾಯಿಗೂ ವಿಧವೆಗೂ ಮದುವೆಯಾಗದ ಮಗಳಿಗೂ ಭಾಗ ಕೊಟ್ಟಿತು. ಬ್ರಿಟಿಷ್ ಸೀಮೆಯ 1937ರ ಕಾಯ್ದೆ ವಿಧವೆಯ ಹತ್ತಿರವೇ ನಿಂತುಬಿಟ್ಟಿತು, ಮಗಳನ್ನು ಕೇಳಲೇ ಇಲ್ಲ. ಹೊಲವೇ ಇಲ್ಲದ ಕೇರಿಗೆ ಪಾಲಿನ ಮಾತೇಕೆ ಅಂತ ನೀವು ನಗಬಹುದು. ನಗಿ. ಆದರೆ ಎರಡು ಗುಂಟೆ ಇದ್ದವರ ಮನೆಯಲ್ಲೂ ಜಗಳ ಅದೇ.

ಇದನ್ನೆಲ್ಲ ಒಂದು ಮಾಡೋಕೆ ಹೊರಟವರು ಬಾಬಾಸಾಹೇಬರು. ಹಿಂದೂ ಕೋಡ್ ಬಿಲ್ಲನ್ನು ಮುಂದೆ ಹೋಗಗೊಡಲಿಲ್ಲ. 1951ರಲ್ಲಿ ಅವರು ಮಂತ್ರಿಗಿರಿ ಬಿಟ್ಟು ಬಂದರು. ಆಮೇಲೆ 1955-56ರಲ್ಲಿ ಅದೇ ಬಿಲ್ಲು ತುಂಡುತುಂಡಾಗಿ ಕಾಯ್ದೆಯಾಯಿತು. ವಾರಸಾ ಕಾಯ್ದೆ ಬಂದದ್ದು 1956ರ ಜೂನಿನಲ್ಲಿ, ಕೊಳ್ಳೇಗಾಲ ಮೈಸೂರಿಗೆ ಸೇರಿದ್ದು ನವೆಂಬರ್ 1ಕ್ಕೆ. ಭೂಪಟಕ್ಕಿಂತ ಮೊದಲು ಕಾನೂನು ಗಡಿ ಅಳಿಸಿತು.

ನಮ್ಮ ಕೇರಿಯ ರೂಢಿ ಏನಾಯಿತು? ಬಿಡುಗಡೆ, ಕೂಡಾವಳಿ ಎಲ್ಲ ಯಜಮಾನರ ಮುಂದೆ ಬಾಯಿಮಾತಲ್ಲೇ ಆಗುತ್ತಿತ್ತು. ಮೇಲುಜಾತಿಯವರ ಹೆಂಗಸಿಗೆ ಇಲ್ಲದ ಬಿಡುಗಡೆ ನಮ್ಮ ಅವ್ವಂದಿರಿಗಿತ್ತು, ಇದು ಸಣ್ಣ ಮಾತಲ್ಲ. 1955ರ ಮದುವೆ ಕಾಯ್ದೆ ಕೂಡ ರೂಢಿಯ ಬಿಡುಗಡೆಯನ್ನು ತೆಗೆಯಲಿಲ್ಲ. ಆದರೆ ಅಂಥ ರೂಢಿ ಇತ್ತು ಅಂತ ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಕೂಡಾವಳಿಯಾದ ಅಕ್ಕ ಎರಡನೇ ಗಂಡ ಸತ್ತ ಮೇಲೆ ಪಿಂಚಣಿಗೆ ಹೋದರೆ, ಮೊದಲನೇದರ ಬಿಡುಗಡೆ ಕಾಗದ ಎಲ್ಲಿ ಅಂತಾರೆ. ಯಜಮಾನರು ತೀರಿಕೊಂಡಿರ್ತಾರೆ. ಸಾಕ್ಷಿ ಹೇಳೋರು ಯಾರು?

ಈಗ ಕಾನೂನು ಒಂದೇ. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಕೊಟ್ಟವು. 2005ರಲ್ಲಿ ಅಪ್ಪ ಬದುಕಿರಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆದರೂ ಸಬ್‌ರಿಜಿಸ್ಟ್ರಾರ್ ಆಫೀಸಿನ ಬಾಗಿಲಲ್ಲಿ ತಂಗಿಗೆ ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವವರು ಯಾರು? ನಾವೇ. ಅಂಬೇಡ್ಕರ್ ಫೋಟೋ ಕೆಳಗೆ ಕೂತು ಓದಿದವರು.

ರಜೆಗೆ ಊರಿಗೆ ಹೋದಾಗ ಮನೆಯ ಪಹಣಿ ತೆಗೆಸಿ ನೋಡಿ. ಅಕ್ಕತಂಗಿಯರ ಹೆಸರು ಇಲ್ಲದಿದ್ದರೆ ಯಾಕಿಲ್ಲ ಅಂತ ಅಪ್ಪನನ್ನು ಕೇಳಿ. ಮುಂದಿನ ಸಭೆಗೆ ಆ ಪಹಣಿ ತನ್ನಿ, ನಾವೂ ನಮ್ಮದು ತರುತ್ತೇವೆ.