ದೊಡ್ಡವ್ವ ಹೇಳದ ಮಾತು



ಕಂಪ್ಯೂಟರ್ ಬಗ್ಗೆ ಮಾತಾಡು ಅಂತ ಗುರುಗಳು ಹೇಳಿದ್ದರು. ಕ್ಷಮಿಸಬೇಕು, ನಾನು ನಮ್ಮ ದೊಡ್ಡವ್ವನ ಬಗ್ಗೆ ಮಾತಾಡುತ್ತೇನೆ. ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಆಕೆಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಹತ್ತಿ ಬಿಡಿಸಲು ಹೋಗುತ್ತಲೇ ಒಂದು ವರ್ಷ ಮುಚ್ಚಿಟ್ಟಳು. ಕಲಬುರಗಿಗೆ ಕರೆದೊಯ್ಯುವ ಹೊತ್ತಿಗೆ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಮೂತ್ರಚೀಲದವರೆಗೂ ಹರಡಿತ್ತು. "ಮೊದಲೇ ಯಾಕ ಹೇಳಲಿಲ್ಲ?" ಅಂದರೆ, "ಇದನ್ನ ಯಾರ ಮುಂದ ಹೇಳಲಿ?" ಅಂದಳು. ಮುಂದಿನ ಮುಂಗಾರಿಗೆ ಆಕೆ ಇರಲಿಲ್ಲ.

ಈ ಕ್ಯಾನ್ಸರಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ 1983ರಲ್ಲಿ ಇದರ 16ನೇ ತಳಿಯನ್ನು ಕ್ಯಾನ್ಸರ್ ಗಡ್ಡೆಯಲ್ಲೇ ಗುರುತಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. 16 ಮತ್ತು 18ನೇ ತಳಿಗಳಿಂದಲೇ ಶೇ. 70ರಷ್ಟು ಗರ್ಭಕಂಠದ ಕ್ಯಾನ್ಸರ್ ಬರುತ್ತದೆ. ವೈರಸ್ ಹರಡುವುದು ದೇಹಸಂಪರ್ಕದಿಂದ. ಇಷ್ಟು ಕೇಳಿದ್ದೇ ತಡ, ನಮ್ಮ ಕಡೆ ಹೆಣ್ಣಿನ ನಡತೆಯ ಬಗ್ಗೆ ಪಿಸುಮಾತು ಶುರು. ಅದು ತಪ್ಪು. ಸಂಸಾರ ಮಾಡುವ ಬಹುತೇಕ ಎಲ್ಲರಿಗೂ, ಗಂಡಸರಿಗೂ, ಒಮ್ಮೆಯಾದರೂ ಇದು ತಗಲುತ್ತದೆ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು ಜೀವಕೋಶಗಳನ್ನು ಕೆಡಿಸುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು–ಇಪ್ಪತ್ತು ವರ್ಷ ಬೇಕು. ಅಷ್ಟು ವರ್ಷ ದೊಡ್ಡವ್ವನ ಬಳಿಯೂ ಇತ್ತು.

ನಮ್ಮಂತೆಯೇ ನಿಜಾಮರ ಸೀಮೆಯಾಗಿದ್ದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. 2009ರಲ್ಲಿ ಲೆಕ್ಕ ಹೊರಬಿತ್ತು. ಎಚ್‌ಪಿವಿ ಪರೀಕ್ಷೆಯ ಗುಂಪಿನ 34,126 ಮಂದಿಯಲ್ಲಿ ಈ ರೋಗದಿಂದ ಸತ್ತವರು 34. ಪರೀಕ್ಷೆಯಿಲ್ಲದ ಗುಂಪಿನ 31,488 ಮಂದಿಯಲ್ಲಿ 64. ಮಾಡಿದ್ದು ಒಂದೇ ಸಲದ ಪರೀಕ್ಷೆ! ಅಷ್ಟು ಹೆಂಗಸರನ್ನು ಪರೀಕ್ಷಿಸದೆ ಬಿಟ್ಟದ್ದು ಸರಿಯೇ ಎಂಬ ತಕರಾರು ಆಮೇಲೆ ಎದ್ದಿತು. ನನಗೂ ಅದು ಸರಿ ಅನಿಸುವುದಿಲ್ಲ.

ಹೆಣ್ಣುಮಕ್ಕಳಿಗೆ 9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಹಾಕಿಸಿ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಬಂದಿದೆ. 30 ದಾಟಿದವರು ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಕೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಒಂದು ವಾರವೂ ಕಾಯಬೇಡಿ.

ಕಳೆದ ದೀಪಾವಳಿಗೆ ಅವ್ವನನ್ನು ಪರೀಕ್ಷೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಬೈದಳು. ರಿಪೋರ್ಟ್ ಚೆನ್ನಾಗಿ ಬಂತು. ಇದನ್ನೆಲ್ಲ ಇಲ್ಲಿ ಹೇಳು ಅಂದವಳೂ ಆಕೆಯೇ. ಅಗೋ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ.