ಕಣ್ಣು ಕಾಯುವ ತಂಪು

ಸಾಣೆ ಹಿಡಿಯುವವನು ನಡುನಡುವೆ ಕಲ್ಲಿನ ಮೇಲೆ ನೀರು ಚಿಮುಕಿಸುವುದನ್ನು ನೀವು ನೋಡಿರಬಹುದು. ತಿಕ್ಕಾಟದಿಂದ ಕಾವು ಹುಟ್ಟುತ್ತದೆ. ಕಾದ ಅಲಗು ಹದಗೆಡುತ್ತದೆ. ಕಣ್ಣಿನ ಪೊರೆ ತೆಗೆಯುವ ನನ್ನ ವೃತ್ತಿಯಲ್ಲಿಯೂ ನೀರಿನ ಈ ಕಾವಲು ಉಂಟು. ಆದರೆ ಇಲ್ಲಿ ಹದಗೆಡಬಹುದಾದದ್ದು ಅಲಗಲ್ಲ, ಮನುಷ್ಯನ ಕಣ್ಣು.

1961ರಲ್ಲಿ ಪೋಲೆಂಡಿನ ಕ್ರ್ವಾವಿಚ್ ಎಂಬ ವೈದ್ಯರು, ಪೊರೆಗಟ್ಟಿದ ಮಸೂರವನ್ನು ಅತಿಶೀತಲವಾದ ಸಲಾಕೆಗೆ ಹೆಪ್ಪುಗಟ್ಟಿಸಿ ಇಡಿಯಾಗಿ ಹೊರತೆಗೆಯುವ ಕ್ರಮವನ್ನು ಪ್ರಕಟಿಸಿದರು. ಆ ಕ್ರಮದಲ್ಲಿ ಕೆಲಸಮಾಡಿದವರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಒಬ್ಬರು. ಅದಕ್ಕಾಗಿ ಕಣ್ಣನ್ನು ಅಗಲವಾಗಿ ತೆರೆಯಬೇಕಾಗಿತ್ತು. ಕೆಲ್ಮನ್ 1967ರಲ್ಲಿ ಬೇರೊಂದು ದಾರಿ ಹಿಡಿದರು. ದಂತವೈದ್ಯರು ಹಲ್ಲಿನ ಕಿಟ್ಟ ತೆಗೆಯುವ ಯಂತ್ರದಿಂದ ಹೊಳೆದ ಉಪಾಯವದು: ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುವ ಟೊಳ್ಳು ಸೂಜಿಯಿಂದ ಪೊರೆಯನ್ನು ನುಚ್ಚುಮಾಡಿ ಹೀರಿಬಿಡುವುದು. ಗಾಯ ಕಿರಿದಾಯಿತು, ಇಂದು ಅದು 3 ಮಿಲಿಮೀಟರಿಗೂ ಕಡಿಮೆ. ಆದರೆ ಕಂಪನದೊಡನೆ ಕಾವೂ ಬಂದಿತು.

ಆ ಕಾವನ್ನು ತಣಿಸುವುದು ಲವಣದ್ರವ. ಸೂಜಿಗೆ ಸಿಲಿಕೋನಿನ ತೆಳುವಾದ ಹೊದಿಕೆಯೊಂದಿದೆ. ಅವೆರಡರ ನಡುವಿನಿಂದ ದ್ರವ ಕಣ್ಣಿನೊಳಕ್ಕೆ ಹರಿದು, ಸೂಜಿಯ ಟೊಳ್ಳಿನ ಮೂಲಕ ಹೊರಬರುತ್ತದೆ. ಈ ಹರಿವು ಕಟ್ಟಿದರೆ ಕೆಲವೇ ಕ್ಷಣಗಳಲ್ಲಿ ಸೂಜಿ ಸುಡತೊಡಗುತ್ತದೆ. ಕಾವು 60 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರಿದರೆ ಕಾರ್ನಿಯದ ನಾರುಗಳು ಮುದುಡುತ್ತವೆ.

ಕಲಿಯುತ್ತಿದ್ದ ದಿನಗಳಲ್ಲಿ ನಾನೇ ಇದನ್ನು ಕಂಡೆ. ಕಣ್ಣಿನ ಒಳಭಾಗವನ್ನು ರಕ್ಷಿಸಲೆಂದು ತುಂಬಿದ್ದ ಲೋಳೆದ್ರವವನ್ನು ಸ್ವಲ್ಪ ಹೀರಿ ದಾರಿ ಬಿಡಿಸದೆಯೇ ಕಂಪನ ಆರಂಭಿಸಿಬಿಟ್ಟೆ. ಸೂಜಿಯ ತುದಿಯಲ್ಲಿ ಹಾಲಿನಂತಹ ಬಿಳುಪು ಕಾಣಿಸಿತು. ಅದು ಹರಿವು ಕಟ್ಟಿದ್ದರ ಸೂಚನೆಯೆಂದು ನಾನು ಓದಿದ್ದೆ; ಆದರೂ ಕಾಲು ಪೆಡಲಿನ ಮೇಲೆಯೇ ಇತ್ತು. “ಕಾಲು ತೆಗೆಯಿರಿ!” ಎಂದರು ನನ್ನ ಗುರುಗಳು. ತೆಗೆಯುವಷ್ಟರಲ್ಲಿ ಗಾಯದ ಅಂಚು ಬೆಳ್ಳಗಾಗಿತ್ತು. ಹೊಲಿಗೆಯಿಲ್ಲದೆ ಕೂಡಬೇಕಾಗಿದ್ದ ಗಾಯಕ್ಕೆ ಹೊಲಿಗೆ ಹಾಕಬೇಕಾಯಿತು. ರೋಗಿಗೆ ದೃಷ್ಟಿ ಬಂದಿತಾದರೂ, ಕಾರ್ನಿಯದ ಬಾಗು ಬದಲಾಗಿ ಅಕ್ಷರಗಳು ಬಹುಕಾಲ ಓರೆಯಾಗಿ ತೋರುತ್ತಿದ್ದವು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಅದರಿಂದ ನನ್ನ ನೋವು ಕಡಿಮೆಯಾಗಲಿಲ್ಲ.

ದ್ರವವನ್ನು ಮೊದಲೇ ಶೀತಕಪೆಟ್ಟಿಗೆಯಲ್ಲಿಟ್ಟು ತಣಿಸಿ ಬಳಸುವ ಶಸ್ತ್ರವೈದ್ಯರೂ ಇದ್ದಾರೆ. ಇದರಿಂದ ಕಾವಿನ ಏರಿಕೆ ತಗ್ಗುತ್ತದೆ. ಈಗಿನ ಯಂತ್ರಗಳು ಬಿಟ್ಟುಬಿಟ್ಟು ಕಂಪಿಸಿ ಸೂಜಿಗೆ ಬಿಡುವು ಕೊಡುತ್ತವೆ. ಆದರೆ ಹರಿವೇ ನಿಂತಾಗ ಸೀಸೆಯಲ್ಲಿರುವ ತಂಪಿನಿಂದ ಏನು ಪ್ರಯೋಜನ? ಕಾರ್ನಿಯದ ಒಳಮೈಯಲ್ಲಿ ಒಂದೇ ಪದರದ ಜೀವಕೋಶಗಳಿವೆ. ಅಲ್ಲಿ ಸೇರುವ ನೀರನ್ನು ಹೊರಹಾಕುತ್ತ ಅದನ್ನು ತಿಳಿಯಾಗಿಡುವವು ಅವೇ. ಒಮ್ಮೆ ಅಳಿದ ಕೋಶದ ಸ್ಥಾನದಲ್ಲಿ ಹೊಸದು ಹುಟ್ಟುವುದಿಲ್ಲ.

ಈಗ ಪೊರೆಯ ಶಸ್ತ್ರಕ್ರಿಯೆ ಬಹುಮಟ್ಟಿಗೆ ರೋಗಿ ಎಚ್ಚರವಿದ್ದಾಗಲೇ ನಡೆಯುತ್ತದೆ. ಆರಂಭಕ್ಕೆ ಮುನ್ನ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ: “ಕಣ್ಣ ಮೇಲೆ ತಣ್ಣೀರು ಹರಿದಂತಾದರೆ ಹೆದರಬೇಡಿ, ಅದು ಹರಿಯುತ್ತಲೇ ಇರಬೇಕು.” ಆಮೇಲೆ, ಪೆಡಲಿನ ಮೇಲೆ ಕಾಲಿಡುವ ಮೊದಲು, ಹರಿವನ್ನು ಇನ್ನೊಮ್ಮೆ ನೋಡಿಕೊಳ್ಳುತ್ತೇನೆ.