ಬೊಂತೆಯ ಮೇಲಿನ ಬಣ್ಣ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಮಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬಂದಾಗ ಸಾಲಿನಲ್ಲಿ ನಿಂತು ಆಡುವ ಮಾತೇ ನಮ್ಮ ಭಾಷಣ. ಸಂಘದ ಇಪ್ಪತ್ತೈದು ವರ್ಷದ ಸಾಧನೆ ಹೇಳುವುದಕ್ಕೆ ಬಲ್ಲವರು ಬೇರೆ ಇದ್ದಾರೆ. ನಮಗೆ ವಹಿಸಿರುವ ವಿಷಯ ಬೊಂತೆಗೆ ಬಣ್ಣ ಹಾಕುವುದು. ಹಾಲಿನ ಸಂಘಕ್ಕೂ ಬೊಂತೆಗೂ ಎತ್ತಣ ಸಂಬಂಧ ಅಂತ ಹಿಂದಿನ ಸಾಲಿನ ಅಣ್ಣಂದಿರು ಮುಸಿಮುಸಿ ನಗುತ್ತಿದ್ದಾರೆ. ನಗಲಿ. ಸಂಬಂಧ ಇದೆ.

2008ರಲ್ಲಿ ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಶುರುವಾದ ಮೇಲೆ ಯಲಹಂಕದಿಂದ ಈಚೆಯ ಹೊಲಗಳು ಹೇಗಾದವು ಎಂಬುದನ್ನು ತಾವೆಲ್ಲ ಕಂಡಿದ್ದೀರಿ. ಹುಲ್ಲು ಕೊಯ್ಯುತ್ತಿದ್ದ ಬದುವಿನ ಮೇಲೆ ಕಾಂಪೌಂಡು ಎದ್ದಿತು. ಹಸು ಬಿಟ್ಟು ಮೇಯಿಸುತ್ತಿದ್ದ ಜಾಗದಲ್ಲಿ ಸೈಟಿನ ಕಲ್ಲು ನೆಟ್ಟರು. ಮೇವಿಲ್ಲದೆ ಹಸು ಮಾರಿದ ಮನೆಗಳು ನಮ್ಮಲ್ಲೇ ಇವೆ. ಹಸು ಹೋದರೂ ಹೆಂಗಸಿನ ಕೈಗೆ ಬರುತ್ತಿದ್ದ ಬಟವಾಡೆ ಹಣದ ಖರ್ಚು ಹೋಗುವುದಿಲ್ಲವಲ್ಲ. ಹಾಗೆ ಹಸು ಮಾರಿದ ಒಂಬತ್ತು ಮಂದಿ, ಸಂಘದ ಕಟ್ಟಡದ ಹಿಂದಿನ ಕೋಣೆಯಲ್ಲಿ ಕೂತು ಬೊಂತೆ ಹೊಲಿಯುವುದಕ್ಕೆ ಶುರು ಮಾಡಿದರು. ಸಂಬಂಧ ಇದು.

ನಾವು ಬೊಂತೆ ಅನ್ನುವುದನ್ನು ಉತ್ತರ ಕರ್ನಾಟಕದವರು ಕೌದಿ ಅಂತಾರೆ. ಕಟ್ಟಡದ ಕೆಲಸಕ್ಕೆ ಆ ಕಡೆಯಿಂದ ನಮ್ಮ ಊರಿನ ಸುತ್ತ ಬಂದು ಶೆಡ್ಡು ಹಾಕಿಕೊಂಡವರ ತಂತಿಯ ಮೇಲೆ ನೋಡಿ, ಎಂಥ ಚಂದದ ಕೌದಿಗಳು ಒಣಗುತ್ತಿರುತ್ತವೆ! ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಗೆ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಹೂವು ಅಂತ ಮಡಿಸಿದ ಚಿಂದಿ ಇಟ್ಟು ಹೊಲಿಯದಿದ್ದರೆ ಆ ಕೌದಿ ಬೆತ್ತಲೆ ಇದ್ದ ಹಾಗೆ ಅಂತ ಅವರ ಭಾವನೆ. 2004ರಲ್ಲಿ ಅವರದೇ ಒಂದು ಕೌದಿ ಸಹಕಾರ ಸಂಘವೂ ಆಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಾಲ್ ಅದಕ್ಕೆ ನೆರವಾದರು. ಅವರ ಕೌದಿಗೆ ಬಣ್ಣ ಹಚ್ಚುವ ಗೊಡವೆಯೇ ಇಲ್ಲ, ಹಳೆ ಸೀರೆಯ ಬಣ್ಣವೇ ಬಣ್ಣ. ನಮ್ಮ ಒಂಬತ್ತು ಮಂದಿಗೂ ಮೊದಲು ಅಷ್ಟೇ ಇತ್ತು.

ಬಣ್ಣದ ಕಡ್ಡಿ ಬಂದದ್ದು ಹೀಗೆ. ಚಿತ್ರಕಲೆ ಓದುತ್ತಿರುವ ನಮ್ಮೂರಿನ ಹುಡುಗಿಯೊಬ್ಬಳು ರಜದಲ್ಲಿ ಬಂದಾಗ ಬಿಳಿ ಬಟ್ಟೆಯ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗಿಣಿ ಬರೆದಳು. ನೋಡಿದರೆ ಮಂಕಾಗಿತ್ತು. ಆಮೇಲೆ ಕುಂಚವನ್ನು ನೀರಿನಲ್ಲಿ ಅದ್ದಿ ಅದರ ಮೇಲೆ ಎಳೆದಳು. ಮಂಕು ಹಸಿರು ಒಂದೇ ಕ್ಷಣದಲ್ಲಿ ಮಳೆ ಬಿದ್ದ ಮಾರನೇ ದಿನದ ರಾಗಿ ಪೈರಿನ ಹಸಿರಾಯಿತು. ಇಂಗ್ಲೆಂಡಿನ ಡರ್ವೆಂಟ್ ಕಂಪನಿಯ ಇಂಕ್‌ಟೆನ್ಸ್ ಅಂತ ಆ ಪೆನ್ಸಿಲಿನ ಹೆಸರು. ಒಳಗಿರುವುದು ಗಟ್ಟಿ ಮಾಡಿದ ಶಾಯಿ. ನೀರು ತಾಗಿದರೆ ಕರಗುತ್ತದೆ, ಕರಗಿ ಒಣಗಿದ ಮೇಲೆ ಮತ್ತೆ ಸುಲಭವಾಗಿ ಕರಗುವುದಿಲ್ಲ. ಒಂದು ಡಬ್ಬಿ ಕೊಳ್ಳುವ ದುಡ್ಡಿನಲ್ಲಿ ಒಂದು ಮೂಟೆ ಫೀಡು ಬಂದು ಮೇಲೆ ಚಿಲ್ಲರೆಯೂ ಉಳಿಯುತ್ತದೆ. ಆದರೂ ತರಿಸಿದೆವು. ಬೊಂತೆಯ ನಡುವೆ ಒಂದು ಬಿಳಿ ಚೌಕ ಇಟ್ಟು, ಅದರಲ್ಲಿ ಹಸು ಕರು, ಗಿಣಿ, ರಾಗಿ ತೆನೆ ಬರೆದು, ಬಣ್ಣ ಕೊಟ್ಟು, ಗೆರೆಯ ಗುಂಟ ಹೊಲಿಗೆ ಹಾಕಿದರೆ ಯಲಹಂಕ ಉಪನಗರದ ಮನೆಗಳವರು ಕೇಳಿ ಕೇಳಿ ಕೊಂಡರು.

ಮೊದಲು ಮಾರಿದ್ದು ಎಂಟು. ಅದರಲ್ಲಿ ಮೂರು ವಾಪಸು ಬಂದವು. ಒಗೆದ ಮೇಲೆ ಹಸುವಿನ ಹಣೆಯ ಕುಂಕುಮ ಹರಿದು ಮುಖವೆಲ್ಲ ಕೆಂಪು, ಪಕ್ಕದ ಬಿಳಿಯೂ ಕೆಂಪು. ದುಡ್ಡು ಹಿಂದಕ್ಕೆ ಕೊಟ್ಟೆವು. ಆ ಮೂರನ್ನು ಮಾಡಿದವರು ಇಬ್ಬರು. ಅಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ "ಹೊಲಿದವರ ಅಜಾಗರೂಕತೆಯಿಂದ" ನಷ್ಟವಾಯಿತು ಅಂತ ಬರೆದಿದೆ. ನಾವೂ ಅದಕ್ಕೆ ಸಹಿ ಹಾಕಿದ್ದೇವೆ. ಇಬ್ಬರಲ್ಲಿ ಒಬ್ಬರು ಅವತ್ತಿನಿಂದ ಹಿಂದಿನ ಕೋಣೆಯ ಕಡೆ ಬಂದಿಲ್ಲ.

ಈಗ ನಾವು ಹೇಳಬೇಕಾದ್ದು ಇಲ್ಲಿದೆ. ಕೆಲಸದ ನಡುವೆ ಕೆಂಪು ಕಡ್ಡಿ ಮುಗಿದುಹೋಗಿತ್ತು. ಒಂದು ಕಡ್ಡಿಗೋಸ್ಕರ ಪೇಟೆಗೆ ಯಾಕೆ ಹೋಗುವುದು ಅಂತ ನಾವೇ ಶಾಲೆ ಮಕ್ಕಳ ಬಣ್ಣದ ಪೆನ್ಸಿಲಿನ ಡಬ್ಬಿಯೊಂದನ್ನು ತಂದು ಕೊಟ್ಟೆವು. ನೀರಿನಲ್ಲಿ ಕರಗುವ ಪೆನ್ಸಿಲ್ ಅಂತ ಅದರ ಮೇಲೂ ಬರೆದಿತ್ತು. ಎರಡೂ ಒಂದೇ ಅಂದುಕೊಂಡೆವು. ಒಂದೇ ಅಲ್ಲ. ಮಕ್ಕಳ ಪೆನ್ಸಿಲಿನ ಬಣ್ಣ ಜಲವರ್ಣದ ಜಾತಿ. ಇವತ್ತು ಒಣಗುತ್ತದೆ, ನಾಳೆ ನೀರು ಬಿದ್ದರೆ ಮತ್ತೆ ಕರಗುತ್ತದೆ. ಕಾಗದಕ್ಕೆ ಅದು ಸರಿ, ಬಟ್ಟೆಗಲ್ಲ.

ಇದು ಗೊತ್ತಾದದ್ದು ಆಮೇಲೆ, ಮೂರು ಬಕೆಟ್ ಇಟ್ಟುಕೊಂಡು ನೋಡಿದಾಗ. ಮಕ್ಕಳ ಪೆನ್ಸಿಲ್ ಹಚ್ಚಿದ ಪಟ್ಟಿ ಮೊದಲನೇ ಒಗೆತಕ್ಕೇ ಬೆಳ್ಳಗಾಯಿತು. ಶಾಯಿ ಪೆನ್ಸಿಲ್ ಹಚ್ಚಿ ಅರ್ಧಂಬರ್ಧ ನೀರು ಕೊಟ್ಟ ಪಟ್ಟಿಯೂ ಬಣ್ಣ ಬಿಟ್ಟಿತು. ಪೂರಾ ನೀರು ಕುಡಿಸಿ, ಒಣಗಿಸಿ, ಇಸ್ತ್ರಿ ಮಾಡಿದ್ದು ಮೊದಲ ನೀರಿನಲ್ಲಿ ಸ್ವಲ್ಪ ಬಿಟ್ಟು ಆಮೇಲೆ ನಿಂತಿತು. ಎರಡನೇ ಪಟ್ಟಿಯಿಂದ ನಾವು ಕಲಿತದ್ದೇ ಹೆಚ್ಚು. ಬಟ್ಟೆಯ ನೂಲಿನ ಸಂದಿಯಲ್ಲಿ ಪೆನ್ಸಿಲಿನ ಪುಡಿ ಒಣಗಿದ್ದೇ ಕೂತಿರುತ್ತದೆ. ನೀರು ಮುಟ್ಟದ ಪುಡಿ ಇನ್ನೂ ಶಾಯಿಯಾಗಿರುವುದಿಲ್ಲ. ಅದು ಒಗೆಯುವಾಗ ಶಾಯಿಯಾಗುತ್ತದೆ, ಆವಾಗ ಎಲ್ಲಿ ಬೇಕೋ ಅಲ್ಲಿ ಹರಿಯುತ್ತದೆ. ಹಚ್ಚುವಾಗಲೇ ಪುಡಿಯೆಲ್ಲ ಕರಗಬೇಕು.

ಹಾಗಂತ ನೀರು ಸುರಿದರೆ ಗೆರೆ ದಾಟಿ ಹರಡುತ್ತದೆ. ಇದಕ್ಕೆ ಕೈ ಪಳಗಬೇಕು. ಕುಂಚವನ್ನು ಅದ್ದಿ, ಬಟ್ಟೆಯಲ್ಲಿ ಒತ್ತಿ, ಚೌಕದ ನಡುವಿನಿಂದ ಗೆರೆಯ ಕಡೆಗೆ ಬರಬೇಕು. ಗೆರೆಗೆ ಒಂದು ನೂಲು ಅಂತರ ಇರುವಾಗ ನಿಲ್ಲಬೇಕು, ಉಳಿದದ್ದನ್ನು ಬಟ್ಟೆಯೇ ಎಳೆದುಕೊಳ್ಳುತ್ತದೆ. ನೀರಿನ ಬದಲು ಲೋಳೆಸರದ ತಿಳಿ ಹಚ್ಚಿದರೆ ಹರಡುವುದು ಕಡಿಮೆ, ಆದರೆ ಅದರಿಂದ ಬಣ್ಣ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗಬೇಕಾದರೆ ಬಣ್ಣದ ಅಂಗಡಿಯಲ್ಲಿ ಫ್ಯಾಬ್ರಿಕ್ ಮೀಡಿಯಂ ಅಂತ ಸಿಗುವ ದ್ರವವನ್ನು ನೀರಿನ ಬದಲು ಕುಂಚಕ್ಕೆ ತೆಗೆದುಕೊಳ್ಳಬೇಕು. ಅಕ್ರಿಲಿಕ್ಕಿನ ಆ ದ್ರವ ಒಣಗಿ ನೂಲಿನ ಮೇಲೆ ತೆಳು ಪೊರೆಯಾಗಿ ಬಣ್ಣವನ್ನು ಹಿಡಿದಿಡುತ್ತದೆ. ಬಟ್ಟೆ ಸ್ವಲ್ಪ ಒರಟಾಗುತ್ತದೆ, ಚೌಕಕ್ಕೆ ಅದು ತೊಂದರೆಯಿಲ್ಲ.

ಇನ್ನೊಂದು ಮಾತು, ಗಂಜಿ. ಅಂಗಡಿಯಿಂದ ತಂದ ಹೊಸ ಬಟ್ಟೆಗೆ ಗಂಜಿ ಇರುತ್ತದೆ. ಅದನ್ನು ಬಿಸಿ ನೀರು ಸೋಪಿನಲ್ಲಿ ತೊಳೆದು ತೆಗೆಯದೆ ಬಣ್ಣ ಹಾಕಿದರೆ ಬಣ್ಣ ಗಂಜಿಯ ಮೇಲೆ ಕೂರುತ್ತದೆ, ಗಂಜಿಯ ಜೊತೆಯಲ್ಲೇ ಹೋಗುತ್ತದೆ. ಹಚ್ಚಿದ ಮೇಲೆ ಒಂದು ದಿನ ಬಿಟ್ಟು, ಮೇಲೊಂದು ಬಟ್ಟೆ ಹಾಸಿ, ಹತ್ತಿ ಬಟ್ಟೆಗೆ ಬೇಕಾದಷ್ಟು ಕಾವಿನಲ್ಲಿ ಇಸ್ತ್ರಿ. ಆವಿ ಬೇಡ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೊಸ ಸೀರೆಗೆ ಮಾಡುವುದನ್ನು ಇದಕ್ಕೂ ಮಾಡಿದವರಿದ್ದಾರೆ. ಉಪ್ಪು ಹಾಳು, ಅಷ್ಟೆ.

ಬಟ್ಟೆಯ ಮೇಲೆ ಬರೆಯುವ ವಿದ್ಯೆ ಪರದೇಶದಿಂದ ಬಂದದ್ದು ಅಂತ ಯಾರೂ ತಿಳಿಯಬೇಡಿ. ನಮ್ಮ ಮಡಿವಾಳರು ಕರಿಗೇರಿನ ರಸದಲ್ಲಿ ಬಟ್ಟೆಗೆ ಗುರುತು ಹಾಕಿ ಸುಣ್ಣ ತಾಗಿಸುತ್ತಿದ್ದರು. ಬಟ್ಟೆ ಹರಿದರೂ ಆ ಗುರುತು ಹೋಗುತ್ತಿರಲಿಲ್ಲ. ಹಳೆಯ ಕಚೇರಿಗಳಲ್ಲಿ ಕಾಪಿಯಿಂಗ್ ಪೆನ್ಸಿಲ್ ಇತ್ತು, ಒದ್ದೆಯಾದರೆ ನೇರಳೆ ಶಾಯಿಯಾಗುತ್ತಿತ್ತು. ಈ ಶಾಯಿ ಪೆನ್ಸಿಲಿಗೆ ಅದನ್ನು ಅಜ್ಜ ಅನ್ನಬಹುದು. ಅದರಲ್ಲಿದ್ದ ಬಣ್ಣ ವಿಷ. ನಾಲಿಗೆಗೆ ತಾಗಿಸಿ ಬರೆಯುತ್ತಿದ್ದವರ ತುಟಿ ನೇರಳೆಯಾಗುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು.

ಎಲ್ಲಕ್ಕಿಂತ ನಮಗೆ ಹಿಡಿಸಿದ್ದು ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿ. ಬಿದಿರು ಕಡ್ಡಿಯ ತುದಿಗೆ ಉಣ್ಣೆಯೋ ಬಟ್ಟೆಯೋ ಸುತ್ತಿ, ಅದನ್ನು ಬಣ್ಣದಲ್ಲಿ ಅದ್ದಿ ಕೈಯಲ್ಲೇ ಬರೆಯುತ್ತಾರೆ. ಬರೆಯುವ ಮುಂಚೆ ಬಟ್ಟೆಯನ್ನು ಏನಕ್ಕೆ ಅದ್ದುತ್ತಾರೆ ಗೊತ್ತೇ? ಹಾಲಿಗೆ! ಅಳಲೆಕಾಯಿ ಪುಡಿ ಕಲಸಿದ ಎಮ್ಮೆ ಹಾಲಿನಲ್ಲಿ ಅದ್ದಿ ಹಿಂಡಿ ಬಿಸಿಲಿಗೆ ಹಾಕುತ್ತಾರೆ. ಹಾಲಿನ ಜಿಡ್ಡು ಬಣ್ಣವನ್ನು ಹರಡಗೊಡುವುದಿಲ್ಲ. ಅಳಲೆಯ ಒಗರು, ಬೆಲ್ಲ ಮತ್ತು ತುಕ್ಕು ಕಬ್ಬಿಣ ಕೊಳೆಸಿ ಮಾಡಿದ ಕಪ್ಪನ್ನು ಬಿಡದಂತೆ ಹಿಡಿಯುತ್ತದೆ. ಕೆಂಪು ನಿಲ್ಲಲು ಪಟಕ. ಹಾಲಿನ ಸಂಘದವರಾದ ನಾವು ಇದನ್ನು ಕೇಳಿ ಸುಮ್ಮನಿರುವುದುಂಟೇ, ಒಂದು ತುಂಡಿಗೆ ಮಾಡಿ ನೋಡಿದೆವು. ಅಳಲೆಯಿಂದ ಬಟ್ಟೆ ಹಳದಿ ತಿರುಗಿತು, ತೆಳು ಬಣ್ಣಗಳು ಮಾಸಲಾಗಿ ಕಂಡವು. ಒಳ್ಳೆ ಹಾಲನ್ನು ಬಟ್ಟೆಗೆ ಸುರಿದಿರಿ ಅಂತ ಅಜ್ಜಿಯೊಬ್ಬರಿಂದ ಬೈಸಿಕೊಂಡೂ ಆಯಿತು. ಅವರ ವಿದ್ಯೆ ಅವರ ಬಣ್ಣಕ್ಕೆ ಹೊಂದಿದ್ದು.

ಮಕ್ಕಳ ಬೊಂತೆಗೆ ಈ ಚೌಕ ಹಾಕುವುದು ಬೇಡ ಅಂತ ನಮ್ಮ ಅಭಿಪ್ರಾಯ. ಕೂಸು ಬಟ್ಟೆ ಚೀಪುತ್ತದೆ, ದಿನಾ ಒಗೆಯಬೇಕು, ಹಳೇ ಸೀರೆಯ ಬೊಂತೆಯೇ ಅದಕ್ಕೆ ಸುಖ. ಗೋಡೆಗೆ ತೂಗು ಹಾಕುವುದಕ್ಕೆ, ಮಂಚದ ಮೇಲೆ ಹೊದಿಸುವುದಕ್ಕೆ ಇದು ಸರಿ. ಕೊಂಡವರಿಗೂ ಹೇಳಬೇಕು: ತಣ್ಣೀರು, ಮೆತ್ತನೆ ಸೋಪು, ಕೈಯಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ. ಆವತ್ತು ಅದನ್ನೂ ನಾವು ಹೇಳಲಿಲ್ಲ. ಮೂರೂ ಬೊಂತೆಗಳು ಮಿಷಿನ್ನಿನ ಬಿಸಿ ನೀರಿಗೆ ಬಿದ್ದವು.

ಅಧ್ಯಕ್ಷರೇ, ನಮ್ಮ ಮನೆಯ ಹಾಲೇ ಆದರೂ ಫ್ಯಾಟು, ಎಸ್‌ಎನ್‌ಎಫ್ ನೋಡದೆ ಕ್ಯಾನಿಗೆ ಸುರಿಯಲು ಕಾರ್ಯದರ್ಶಿಗಳು ಬಿಡುವುದಿಲ್ಲ. ಬೊಂತೆಯ ಮೇಲೆ ಸಂಘದ ಚೀಟಿ ಅಂಟಿಸಿ ಮಾರಿದೆವು, ಪರೀಕ್ಷೆ ಮಾತ್ರ ಮಾಡಲಿಲ್ಲ. ಇನ್ನು ಮೇಲೆ ಪ್ರತಿ ಬಣ್ಣದ ಒಂದು ಪಟ್ಟಿಯನ್ನು ಅದೇ ಬಟ್ಟೆಯಲ್ಲಿ ಮಾಡಿ, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಬೇಕು. ಬಿಳಿಗೆ ಬಣ್ಣ ಹತ್ತಿದರೆ ಆ ಚೌಕ ಬೊಂತೆಗೆ ಹೋಗಬಾರದು. ಇನ್ನೊಂದು ಪಟ್ಟಿಯ ಅರ್ಧಕ್ಕೆ ರಟ್ಟು ಮುಚ್ಚಿ ಒಂದು ತಿಂಗಳು ಕಿಟಕಿಯಲ್ಲಿ ಇಟ್ಟರೆ ಬಿಸಿಲಿಗೆ ಯಾವ ಬಣ್ಣ ಮಾಸುತ್ತದೆ ಎಂಬುದೂ ತಿಳಿಯುತ್ತದೆ. ಪಟ್ಟಿಗಳನ್ನು ತಾರೀಖು ಬರೆದು ಒಂದು ಪುಸ್ತಕಕ್ಕೆ ಅಂಟಿಸೋಣ. ಪುಸ್ತಕ ನಾವೇ ತಂದಿದ್ದೇವೆ.

ಅದಕ್ಕೂ ಮೊದಲು ಆ ನಡಾವಳಿಯನ್ನು ತಿದ್ದಬೇಕು ಅಂತ ಈ ಸಭೆಯ ಮುಂದೆ ಕೋರುತ್ತೇವೆ. "ಹೊಲಿದವರ ಅಜಾಗರೂಕತೆ" ಅನ್ನುವುದನ್ನು ತೆಗೆದು, ನಿರ್ದೇಶಕರು ತಪ್ಪು ಪೆನ್ಸಿಲ್ ತಂದುಕೊಟ್ಟಿದ್ದರಿಂದ ಅಂತ ಬರೆಯಬೇಕು. ಮೂರು ಬೊಂತೆಯ ನಷ್ಟವನ್ನು ಆ ಇಬ್ಬರ ಕೂಲಿಯಲ್ಲಿ ಹಿಡಿದಿದ್ದೀರಿ, ಅದನ್ನು ಅವರಿಗೆ ಕೊಡಿಸಬೇಕು. ಅದರ ಹಣವನ್ನು ನಾವು ಇವತ್ತೇ ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದ್ದೇವೆ, ರಸೀದಿ ಹಾಕಿ. ಕೋಣೆಗೆ ಬರುವುದನ್ನು ಬಿಟ್ಟ ಅಕ್ಕನ ಮನೆಗೆ ಸಭೆ ಮುಗಿದ ಮೇಲೆ ನಾವು ಹೋಗುತ್ತಿದ್ದೇವೆ, ಜೊತೆಗೆ ಬರುವವರು ಬನ್ನಿ.

ಬರುವ ಗುರುವಾರ ಬೆಳಿಗ್ಗೆ ಹಾಲು ಹಾಕಿದ ಮೇಲೆ ಹಿಂದಿನ ಕೋಣೆಯಲ್ಲಿ ಬಕೆಟ್ ಇಟ್ಟಿರುತ್ತೇವೆ. ಹಳೆಯ ಬಿಳಿ ಪಂಚೆ ಇದ್ದವರು ತನ್ನಿ, ಗಂಜಿ ಹೋಗಿ ಎಷ್ಟೋ ವರ್ಷವಾಗಿರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ.